ಇಂಗ್ಲೆಂಡಿನ ಅಪರಾಧ ಪ್ರಕ್ರಿಯೆ, ಸಾಕ್ಷ್ಯ, ಶಿಕ್ಷೆ: ಮೂರನ್ನೂ ಸೇರಿಸಿ ಓದುವುದು ಹೇಗೆ?

ತುಂಗಾತೀರ

ನಮ್ಮಲ್ಲಿ ಎಲ್‌ಎಲ್‌ಬಿ ಮುಗಿಸಿ ಇಂಗ್ಲೆಂಡಿನ ಎಸ್‌ಕ್ಯುಇಗೋ (ಸಾಲಿಸಿಟರ್ ಆಗುವ ಪರೀಕ್ಷೆ) ಬಾರ್ ಕೋರ್ಸಿಗೋ (ಬ್ಯಾರಿಸ್ಟರ್ ಆಗುವವರದು) ಕೂರುವವರು ಇಲ್ಲಿ ಸುಮಾರು ಜನ ಇದ್ದೀರಿ. ಅಪರಾಧ ಪ್ರಕ್ರಿಯೆ, ಸಾಕ್ಷ್ಯ, ಶಿಕ್ಷೆ ಮೂರೂ ಅಲ್ಲಿ ಒಂದಕ್ಕೊಂದು ಹೆಣೆದುಕೊಂಡೇ ಬರುತ್ತವೆ. ನನ್ನ ಪ್ರಶ್ನೆ ಮೂರು. ಎಲ್ಲಿಂದ ಹಿಡಿಯಬೇಕು? ಬ್ಯಾಡ್ ಕ್ಯಾರೆಕ್ಟರ್ (ದುರ್ನಡತೆಯ ಸಾಕ್ಷ್ಯ), ಹಿಯರ್‌ಸೇ (ಕೋರ್ಟಿನ ಹೊರಗೆ ಆಡಿದ ಮಾತಿನ ಸಾಕ್ಷ್ಯ) ಎರಡೂ ಒಂದರೊಳಗೊಂದು ಕಲಸಿಹೋಗುವುದನ್ನು ಬಿಡಿಸಿಕೊಳ್ಳುವುದು ಹೇಗೆ? ಶಿಕ್ಷೆಯ ಲೆಕ್ಕದಲ್ಲಿ ಯಾವುದು ಮೊದಲು, ಯಾವುದು ಆಮೇಲೆ?

ಕರಿಕೋಟು

ಕಾಯ್ದೆಗಳ ಕ್ರಮದಲ್ಲಿ ಓದಬೇಡಿ, ಕೇಸು ನಡೆಯುವ ಕ್ರಮದಲ್ಲಿ ಓದಿ. ಬಂಧನ, ಠಾಣೆಯ ವಿಚಾರಣೆ, ಚಾರ್ಜು, ಮ್ಯಾಜಿಸ್ಟ್ರೇಟ್ ಮುಂದೆ ಮೊದಲ ಹಾಜರಿ, ಜಾಮೀನು, ಯಾವ ಕೋರ್ಟು ಅನ್ನುವ ತೀರ್ಮಾನ, ಡಿಸ್‌ಕ್ಲೋಷರ್ (ತಮ್ಮಲ್ಲಿರುವ ಸಾಮಗ್ರಿಯನ್ನು ಎದುರು ಪಕ್ಷಕ್ಕೆ ತೋರಿಸುವುದು), ವಿಚಾರಣೆ, ಶಿಕ್ಷೆ, ಮೇಲ್ಮನವಿ. ಪ್ರತಿ ಹಂತದಲ್ಲೂ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ: ತೀರ್ಮಾನ ಮಾಡುವವರು ಯಾರು, ಯಾವ ಮಾನದಂಡದ ಮೇಲೆ, ರುಜುವಾತಿನ ಹೊಣೆ ಯಾರದು ಮತ್ತು ಎಷ್ಟು ಭಾರ, ಗಡುವು ಏನು. ಪರೀಕ್ಷೆಯಲ್ಲಿ ತಪ್ಪು ಆಯ್ಕೆಗಳನ್ನು ಹೆಣೆಯುವುದೇ ಈ ನಾಲ್ಕರಲ್ಲಿ ಒಂದನ್ನು ಬದಲಿಸಿ. ಸೂಪರಿಂಟೆಂಡೆಂಟ್ ಇರಬೇಕಾದ ಕಡೆ ಇನ್‌ಸ್ಪೆಕ್ಟರ್ ಅನ್ನು ತಂದಿಡುತ್ತಾರೆ, ಉಳಿದದ್ದೆಲ್ಲ ಸರಿಯಾಗಿಯೇ ಇರುತ್ತದೆ.

ಅದಕ್ಕಿಂತ ಮುಖ್ಯವಾದದ್ದು, ನಮ್ಮ ಕಾನೂನು ಓದಿದವರ ತಲೆಯಲ್ಲಿ ಬೇರೂರಿರುವುದನ್ನು ಅಲುಗಿಸಿಕೊಳ್ಳುವುದು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಮ್ಮಲ್ಲಿ ನಡೆಯುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 25, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 23. ಇಂಗ್ಲೆಂಡಿನಲ್ಲಿ ಠಾಣೆಯಲ್ಲಿ ರೆಕಾರ್ಡ್ ಆದ ತಪ್ಪೊಪ್ಪಿಗೆಯೇ ಪ್ರಾಸಿಕ್ಯೂಷನ್ನಿನ ಮುಖ್ಯ ಸಾಕ್ಷ್ಯ ಆಗಬಹುದು. ಅದನ್ನು ತಡೆಯಬೇಕಾದರೆ ಪೇಸ್, ಅಂದರೆ 1984ರ ಪೊಲೀಸ್ ಅಂಡ್ ಕ್ರಿಮಿನಲ್ ಎವಿಡೆನ್ಸ್ ಆಕ್ಟ್, ಅದರ ಸೆಕ್ಷನ್ 76 ಹಿಡಿಯಬೇಕು. ದಬ್ಬಾಳಿಕೆಯಿಂದ ಬಂತು, ಅಥವಾ ಆಗಿನ ಸಂದರ್ಭದಲ್ಲಿ ಆಡಿದ ಮಾತಿನಿಂದಲೋ ಮಾಡಿದ ಕೆಲಸದಿಂದಲೋ ನಂಬಲಾಗದಂಥದ್ದಾಯಿತು ಎಂದು ಡಿಫೆನ್ಸ್ ಎತ್ತಿದರೆ ಸಾಕು. ಹಾಗೆ ಬರಲಿಲ್ಲ ಎಂದು ಸಂಶಯಾತೀತವಾಗಿ ರುಜುವಾತು ಮಾಡಬೇಕಾದದ್ದು ಪ್ರಾಸಿಕ್ಯೂಷನ್. ಆಗದಿದ್ದರೆ ತಪ್ಪೊಪ್ಪಿಗೆ ಹೊರಗೆ. ಅದು ನಿಜವೋ ಸುಳ್ಳೋ ಅನ್ನುವುದು ಆ ಹಂತದಲ್ಲಿ ಪ್ರಶ್ನೆಯೇ ಅಲ್ಲ. ಸೆಕ್ಷನ್ 78 ಬೇರೆ: ಅದು ಪ್ರಾಸಿಕ್ಯೂಷನ್ ತರುವ ಯಾವುದೇ ಸಾಕ್ಷ್ಯಕ್ಕೂ ಅನ್ವಯ, ನ್ಯಾಯಯುತ ವಿಚಾರಣೆಗೆ ಧಕ್ಕೆಯೇ ಅನ್ನುವುದನ್ನು ಕೋರ್ಟು ತೂಗುತ್ತದೆ.

ನಿರೀಕ್ಷಣಾ ಜಾಮೀನು ಅಲ್ಲಿಲ್ಲ. ಎಫ್‌ಐಆರ್ ಇಲ್ಲ. ಚಾರ್ಜ್‌ಶೀಟ್ ತಡವಾದರೆ 60 ಅಥವಾ 90 ದಿನಕ್ಕೆ ಸಿಗುವ ನಮ್ಮ ಡಿಫಾಲ್ಟ್ ಬೇಲ್ ಕೂಡ ಇಲ್ಲ. ಅಲ್ಲಿರುವುದು ಕಸ್ಟಡಿ ಟೈಮ್ ಲಿಮಿಟ್. ಅದು ವಿಚಾರಣೆ ಶುರುವಾಗುವುದಕ್ಕೆ ಹಾಕಿದ ಗಡುವು. ಕ್ರೌನ್ ಕೋರ್ಟಿನ (ಜ್ಯೂರಿ ಕೂರುವ ಮೇಲಿನ ಕೋರ್ಟು) ಕೇಸಿಗೆ ಸಾಮಾನ್ಯವಾಗಿ 182 ದಿನ. ಗಡುವು ತೀರುವ ಮೊದಲೇ ಪ್ರಾಸಿಕ್ಯೂಷನ್ ವಿಸ್ತರಣೆ ಕೇಳಬೇಕು, ತಕ್ಕ ಕಾರಣವನ್ನೂ ತಾನು ಸರಿಯಾಗಿ ಕೆಲಸ ಮಾಡಿದ್ದನ್ನೂ ತೋರಿಸಬೇಕು.

ಹೇಮಾವತಿ

ಠಾಣೆಯ ಗಂಟೆಗಳ ಲೆಕ್ಕವನ್ನೂ ಬಿಡಿಸಿ. 24, 36, 96 ಅಂತ ಬಾಯಿಪಾಠ ಇರುತ್ತದೆ, ಪ್ರಶ್ನೆ ಬಂದಾಗ ಕೈಕೊಡುತ್ತದೆ. ಎಲ್ಲ ಗಡಿಯಾರವೂ ಬಂಧನದ ಹೊತ್ತಿನಿಂದ ಶುರು ತಾನೆ?

ಲೆಕ್ಕದಮೇಷ್ಟ್ರು

ಅಲ್ಲ ಮೇಡಂ. ತಪ್ಪುವುದು ಅಲ್ಲೇ. ಎರಡು ಗಡಿಯಾರ ಇವೆ, ಎರಡರದೂ ಶುರು ಬೇರೆ ಬೇರೆ.

ಸೋಮವಾರ ರಾತ್ರಿ 8:10ಕ್ಕೆ ಬೀದಿಯಲ್ಲಿ ಬಂಧನ. 8:40ಕ್ಕೆ ಠಾಣೆಗೆ ಬಂದರು. 9:05ಕ್ಕೆ ಕಸ್ಟಡಿ ಆಫೀಸರ್ ಇರಿಸಿಕೊಳ್ಳಲು ಅನುಮತಿ ಕೊಟ್ಟರು.

ಬಂಧನದಲ್ಲಿ ಇಡುವ ಒಟ್ಟು ಅವಧಿಯ ಗಡಿಯಾರ ಠಾಣೆ ತಲುಪಿದ 8:40ರಿಂದ. ಹಾಗಾಗಿ 24 ಗಂಟೆ ಮುಗಿಯುವುದು ಮಂಗಳವಾರ ರಾತ್ರಿ 8:40ಕ್ಕೆ. ರಿವ್ಯೂ, ಅಂದರೆ ಇನ್ನೂ ಇರಿಸಿಕೊಳ್ಳಬೇಕೇ ಎಂಬ ಮರುಪರಿಶೀಲನೆ, ಅದರ ಗಡಿಯಾರ ಅನುಮತಿ ಕೊಟ್ಟ 9:05ರಿಂದ. ಮೊದಲ ರಿವ್ಯೂ 6 ಗಂಟೆಯೊಳಗೆ, ಅಂದರೆ ನಸುಕಿನ 3:05ರೊಳಗೆ. ಅದನ್ನು 2:30ಕ್ಕೇ ಮಾಡಿದರೆ ಮುಂದಿನದು ಅಲ್ಲಿಂದ 9 ಗಂಟೆ, ಬೆಳಿಗ್ಗೆ 11:30ರೊಳಗೆ. 3:05ಕ್ಕೆ 9 ಕೂಡಿಸಿ 12:05 ಅಂತ ಬರೆದರೆ ತಪ್ಪು. ರಿವ್ಯೂ ನಿಜವಾಗಿ ನಡೆದ ಹೊತ್ತಿನಿಂದ ಎಣಿಸಬೇಕು. ಚಾರ್ಜಿಗೆ ಮೊದಲು ರಿವ್ಯೂ ಮಾಡುವವರು ತನಿಖೆಯಲ್ಲಿ ಇಲ್ಲದ, ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ.

36 ಗಂಟೆಗೆ ಏರಿಸಬೇಕಾದರೆ ಸೂಪರಿಂಟೆಂಡೆಂಟ್ ಅಥವಾ ಮೇಲಿನವರು. ಅವರು ಎರಡನೆಯ ರಿವ್ಯೂ ಆದ ಮೇಲೆ, 24 ಗಂಟೆ ಮುಗಿಯುವುದರೊಳಗೆ ಸಹಿ ಹಾಕಿರಬೇಕು. ರಾತ್ರಿ 8:50ಕ್ಕೆ ಹಾಕಿದರೆ ಕೆಲಸಕ್ಕೆ ಬಾರದು. ಸರಿಯಾಗಿ ಹಾಕಿದ್ದರೆ ಬುಧವಾರ ಬೆಳಿಗ್ಗೆ 8:40ರವರೆಗೆ ನಡೆಯುತ್ತದೆ. ಅದರಾಚೆ ಮ್ಯಾಜಿಸ್ಟ್ರೇಟ್ ಕೋರ್ಟಿನ ವಾರಂಟು ಬೇಕು, ಒಟ್ಟು ಮಿತಿ 96 ಗಂಟೆ: ಶುಕ್ರವಾರ ರಾತ್ರಿ 8:40.

ಅಡ್ಡಸವಾಲು

ಮೇಷ್ಟ್ರ ಲೆಕ್ಕಕ್ಕೆ ಎರಡು ಸೇರ್ಪಡೆ. 24 ದಾಟಿಸುವುದು ಇಂಡೈಟಬಲ್ (ಕ್ರೌನ್ ಕೋರ್ಟಿನಲ್ಲಿ ನಡೆಯಬಹುದಾದ) ಅಪರಾಧಕ್ಕೆ ಮಾತ್ರ, ಈದರ್‌ವೇ (ಎರಡರಲ್ಲಿ ಯಾವ ಕೋರ್ಟಿನಲ್ಲಾದರೂ ನಡೆಯಬಹುದಾದದ್ದು) ಅದರೊಳಗೇ ಬರುತ್ತದೆ. ಸಾಧಾರಣ ಹಲ್ಲೆಯಂಥ ಸಮ್ಮರಿ (ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ನಡೆಯುವ) ಅಪರಾಧ ಕೊಟ್ಟು 30 ಗಂಟೆ ಇಟ್ಟುಕೊಂಡರು ಎಂದು ಪ್ರಶ್ನೆಯಲ್ಲಿದ್ದರೆ ಸಹಿ ಯಾರದಿದ್ದರೂ ಅಕ್ರಮವೇ. ಎರಡನೆಯದು, ನಡುವೆ ಆಸ್ಪತ್ರೆಗೆ ಒಯ್ದಿದ್ದರೆ ಹೋಗಿಬರುವ ಹೊತ್ತು, ಅಲ್ಲಿದ್ದ ಹೊತ್ತು ಲೆಕ್ಕಕ್ಕಿಲ್ಲ. ಅಲ್ಲಿ ಅಪರಾಧದ ಬಗ್ಗೆ ಪ್ರಶ್ನೆ ಕೇಳಿದ್ದರೆ ಆ ಹೊತ್ತು ಮಾತ್ರ ಸೇರುತ್ತದೆ.

ಠಾಣೆಯಲ್ಲಿರುವಾಗಲೇ ಮೌನದ ವಿಷಯವನ್ನೂ ಮುಗಿಸಿಕೊಳ್ಳಿ. ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕಿಲ್ಲ ಎನ್ನುವ ನಮ್ಮ ಸಂವಿಧಾನದ 20(3) ಓದಿ ಬಂದವರಿಗೆ ಇದು ಒಗ್ಗುವುದಿಲ್ಲ. 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಆಕ್ಟಿನ ಸೆಕ್ಷನ್ 34 ಪ್ರಕಾರ, ಠಾಣೆಯಲ್ಲಿ ಹೇಳಬಹುದಾಗಿದ್ದ ಸಂಗತಿಯನ್ನು ಬಚ್ಚಿಟ್ಟು ಕೋರ್ಟಿನಲ್ಲಿ ಅದನ್ನೇ ಆಸರೆಯಾಗಿ ತಂದರೆ, ಜ್ಯೂರಿ ಅದರಿಂದ ಪ್ರತಿಕೂಲ ತೀರ್ಮಾನಕ್ಕೆ ಬರಬಹುದು. ಒಟ್ಟು ಅರ್ಥ ಹಿಡಿಯುವ ಕೀಲಿ ಒಂದೇ: ಸೆಕ್ಷನ್ 34 ಶಿಕ್ಷಿಸುವುದು ಮೌನವನ್ನಲ್ಲ, ತಡವಾಗಿ ತಂದ ಸಂಗತಿಯನ್ನು. ಆರೋಪಿ ವಿಚಾರಣೆಯಲ್ಲೂ ಯಾವ ಸಂಗತಿಯನ್ನೂ ಆಸರೆಗೆ ತರದೆ "ನೀವೇ ರುಜುವಾತು ಮಾಡಿ" ಎಂದು ಕೂತರೆ 34 ಬರುವುದೇ ಇಲ್ಲ. ಆಗ ಸಾಕ್ಷಿಕಟ್ಟೆ ಹತ್ತದಿದ್ದಕ್ಕೆ ಸೆಕ್ಷನ್ 35 ಬರಬಹುದು. ಆದರೆ ವಕೀಲರು ಪಾಟೀಸವಾಲಿನಲ್ಲಿ ಸಾಕ್ಷಿಯ ಮುಂದೆ ಆ ಸಂಗತಿ ಇಟ್ಟರೂ ಅದನ್ನು ಆಸರೆಗೆ ತಂದಂತೆಯೇ.

ಮೈಮೇಲಿನ ಕಲೆ, ಕೈಯಲ್ಲಿದ್ದ ವಸ್ತು ಇವಕ್ಕೆ ವಿವರಣೆ ಕೊಡದಿರುವುದು ಸೆಕ್ಷನ್ 36, ಸ್ಥಳದಲ್ಲಿ ಇದ್ದುದಕ್ಕೆ ಕೊಡದಿರುವುದು 37. ಇವೆರಡಕ್ಕೂ ಪೊಲೀಸರು ವಿಶೇಷ ಎಚ್ಚರಿಕೆ ಕೊಟ್ಟಿರಬೇಕು. ಆಮೇಲೆ ಕೋರ್ಟಿನಲ್ಲಿ ಏನನ್ನಾದರೂ ಆಸರೆಗೆ ತಂದಿರಲೇಬೇಕೆಂದಿಲ್ಲ. ವಕೀಲರ ಜೊತೆ ಮಾತಾಡಲು ಅವಕಾಶ ಕೊಡದೆ ಠಾಣೆಯಲ್ಲಿ ಕೇಳಿದ್ದರೆ 34, 36, 37 ಯಾವುದೂ ನಡೆಯದು. ಬರೀ ಮೌನದ ಮೇಲೆಯೇ ಶಿಕ್ಷೆಗೆ ಗುರಿಮಾಡುವಂತೆಯೂ ಇಲ್ಲ.

ತುಂಗಾತೀರ

"ಸಾಲಿಸಿಟರ್ ಸುಮ್ಮನಿರು ಅಂದರು, ಸುಮ್ಮನಿದ್ದೆ" ಅಂದರೆ ಪಾರಾಗುತ್ತಾರಾ?

ಅಡ್ಡಸವಾಲು

ಅಷ್ಟರಿಂದಲೇ ಇಲ್ಲ. ಆ ಸಲಹೆಯನ್ನು ಅವನು ನಿಜವಾಗಿ ನಂಬಿ ನಡೆದನೇ, ನಂಬಿದ್ದು ಸಮಂಜಸವೇ ಅನ್ನುವುದು ಜ್ಯೂರಿಗೆ ಬಿಟ್ಟದ್ದು. ಸಲಹೆ ಯಾಕೆ ಕೊಟ್ಟರು ಎಂದು ವಿವರಿಸಹೊರಟರೆ ವಕೀಲ-ಕಕ್ಷಿದಾರರ ಗೋಪ್ಯತೆಯನ್ನೇ ಬಿಟ್ಟುಕೊಟ್ಟಂತಾಗಿ, ಆ ಮಾತುಕತೆಯ ಬಗ್ಗೆ ಪಾಟೀಸವಾಲು ಬೀಳಬಹುದು. ಅದಕ್ಕೇ ಠಾಣೆಯಲ್ಲಿ ಸಾಲಿಸಿಟರುಗಳು ಒಂದು ಲಿಖಿತ ಹೇಳಿಕೆ ಓದಿಸಿ ಆಮೇಲೆ "ನೋ ಕಾಮೆಂಟ್" ಅನ್ನಿಸುವುದು. ಮುಂದೆ ಹೇಳುವ ಸಂಗತಿಯೆಲ್ಲ ಆ ಹೇಳಿಕೆಯಲ್ಲಿ ಇದ್ದರೆ 34ಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ. ಅರ್ಧ ಮಾತ್ರ ಇದ್ದರೆ ಬಿಟ್ಟ ಅರ್ಧವೇ ಉರುಳಾಗುತ್ತದೆ.

ಸಾಕ್ಷಿಕಟ್ಟೆ

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಬ್ಯಾಡ್ ಕ್ಯಾರೆಕ್ಟರ್, ಹಿಯರ್‌ಸೇ ಎರಡೂ 2003ರ ಕ್ರಿಮಿನಲ್ ಜಸ್ಟಿಸ್ ಆಕ್ಟಿನಲ್ಲಿ ಅಕ್ಕಪಕ್ಕ ಇರುವುದರಿಂದ ಕಲಸುತ್ತವೆ. ಬ್ಯಾಡ್ ಕ್ಯಾರೆಕ್ಟರ್ ಕೇಳುವುದು "ಇವನು ಹಿಂದೆ ಏನು ಮಾಡಿದ್ದ", ಹಿಯರ್‌ಸೇ ಕೇಳುವುದು "ಈ ಮಾತು ಆಡಿದವರು ಕೋರ್ಟಿಗೆ ಬಂದು ಹೇಳುತ್ತಿದ್ದಾರಾ".

ಬ್ಯಾಡ್ ಕ್ಯಾರೆಕ್ಟರಿನಲ್ಲಿ ಗೇಟ್‌ವೇಗೆ (ಅಂಥ ಸಾಕ್ಷ್ಯ ಒಳಬರುವ ದಾರಿ) ಹಾರುವ ಮೊದಲು ಸೆಕ್ಷನ್ 98 ದಾಟಿ. ಕೇಸಿನ ಘಟನೆಗೇ ಸೇರಿದ ದುರ್ನಡತೆ 98ರ ವ್ಯಾಖ್ಯಾನದ ಹೊರಗೆ, ಅದಕ್ಕೆ ಗೇಟ್‌ವೇ ಬೇಕಿಲ್ಲ. ಆಮೇಲೆ ಯಾರ ನಡತೆ ಎಂದು ನೋಡಿ. ಆರೋಪಿಯದಾದರೆ 101ರ ಏಳು ಗೇಟ್‌ವೇ. ಸಾಕ್ಷಿಯದೋ ಬೇರೆಯವರದೋ ಆದರೆ 100. ಎಲ್ಲ ಪಕ್ಷದವರೂ ಒಪ್ಪದಿದ್ದರೆ ಕೋರ್ಟಿನ ಅನುಮತಿ ಬೇಕು.

ಪರೀಕ್ಷೆಗೆ ಹೆಚ್ಚು ಬೀಳುವುದು ಡಿ ಗೇಟ್‌ವೇ, ಅಂದರೆ ಆರೋಪಿ ಮತ್ತು ಪ್ರಾಸಿಕ್ಯೂಷನ್ ನಡುವಿನ ಮುಖ್ಯ ವಿವಾದಕ್ಕೆ ಸಂಬಂಧಿಸಿದ್ದು. ಪ್ರವೃತ್ತಿ ಎರಡು ಬಗೆ: ಇಂಥ ಅಪರಾಧ ಮಾಡುವ ಪ್ರವೃತ್ತಿ, ಸುಳ್ಳಾಡುವ ಪ್ರವೃತ್ತಿ. 2005ರ ಹ್ಯಾನ್ಸನ್ ತೀರ್ಪಿನ ಮೂರು ಪ್ರಶ್ನೆಯನ್ನು ಹಾಗೇ ಕಲಿಯಿರಿ: ಹಿಂದಿನ ಶಿಕ್ಷೆಗಳು ಪ್ರವೃತ್ತಿಯನ್ನು ತೋರಿಸುತ್ತವೆಯೇ, ಆ ಪ್ರವೃತ್ತಿಯಿಂದ ಈ ಅಪರಾಧ ಇವನದೇ ಎನ್ನುವ ಸಾಧ್ಯತೆ ಹೆಚ್ಚುತ್ತದೆಯೇ, ಒಳಗೆ ಬಿಟ್ಟರೆ ಅನ್ಯಾಯವಾಗುತ್ತದೆಯೇ. ಕಳ್ಳತನ ಮಾಡಿದ್ದ ಎಂದ ಮಾತ್ರಕ್ಕೆ ಸುಳ್ಳುಗಾರ ಆಗುವುದಿಲ್ಲ. ಅಪರಾಧ ಮಾಡಿದ ರೀತಿಯಲ್ಲೇ ಸುಳ್ಳಿತ್ತೇ, ಅಥವಾ ಹಿಂದೆ ತಪ್ಪಿಲ್ಲ ಎಂದು ವಾದಿಸಿ ಸಾಕ್ಷ್ಯ ನುಡಿದಾಗ ಜ್ಯೂರಿ ಅವನನ್ನು ನಂಬಿರಲಿಲ್ಲವೇ ಎಂದು ನೋಡಬೇಕು.

101(3)ರ ಹೊರಹಾಕುವ ಅಧಿಕಾರ ಡಿ ಮತ್ತು ಜಿ (ಆರೋಪಿ ಬೇರೆಯವರ ನಡತೆಯ ಮೇಲೆ ದಾಳಿ ಮಾಡಿದಾಗಿನದು) ಗೇಟ್‌ವೇಗೆ ಮಾತ್ರ. ಸಹ ಆರೋಪಿ ಇ ಗೇಟ್‌ವೇಯಲ್ಲಿ ತಂದರೆ, ಅದರ ಷರತ್ತು ಪೂರೈಸಿದ ಮೇಲೆ ನ್ಯಾಯಾಧೀಶರು "ಅನ್ಯಾಯ" ಎಂದು ತಡೆಯುವಂತಿಲ್ಲ. ಇದನ್ನು ಮರೆತು ಪೇಸ್ ಸೆಕ್ಷನ್ 78 ಎಂದು ಗುರುತು ಹಾಕುವವರು ಬಹಳ. 78 ಪ್ರಾಸಿಕ್ಯೂಷನ್ ಸಾಕ್ಷ್ಯಕ್ಕೆ ಮಾತ್ರ ಅನ್ನುವುದು ನೆನಪಿದ್ದರೆ ಆ ತಪ್ಪೇ ಆಗುವುದಿಲ್ಲ.

ಹಿಯರ್‌ಸೇಗೆ ಒಂದು ಫೋನು ತಗೊಳ್ಳಿ. ಡ್ರಗ್ಸ್ ಮಾರಿದ ಆರೋಪ. ಫೋನಿಗೆ ಬಂದ ಮೆಸೇಜು: "ಇವತ್ತು ಎರಡು ಸಿಗುತ್ತಾ?" ಇದು ಹಿಯರ್‌ಸೇ ಅಲ್ಲ. ಕಳಿಸಿದವನು ಕೇಳುತ್ತಿದ್ದಾನೆ, "ನೀನು ಮಾರುವವನು" ಎಂದು ಯಾರನ್ನೋ ನಂಬಿಸುವುದು ಅವನ ಉದ್ದೇಶವಲ್ಲ. ಸೆಕ್ಷನ್ 115(3) ಬೇಡುವುದು ಆ ಉದ್ದೇಶವನ್ನೇ. 2011ರ ಟ್ವಿಸ್ಟ್ ತೀರ್ಪು ಇದನ್ನು ಬಿಡಿಸಿಟ್ಟಿದೆ. ಅದನ್ನು ಕಳಿಸಿದವನೇ ಮೂರನೆಯವನೊಬ್ಬನಿಗೆ "ನಿನ್ನೆ ಅವನ ಹತ್ತಿರ ಎರಡು ತಗೊಂಡೆ" ಎಂದು ಬರೆದಿದ್ದು, ಕೊಂಡದ್ದನ್ನು ರುಜುವಾತು ಮಾಡಲು ಅದನ್ನು ತಂದರೆ ಹಿಯರ್‌ಸೇ.

ಹಿಯರ್‌ಸೇ ಆದ ಮೇಲೆ ಬಾಗಿಲು ಹುಡುಕಿ. ಸಾಕ್ಷಿ ಬರಲಾಗದ ಐದು ಕಾರಣ 116ರಲ್ಲಿ: ಸತ್ತಿದ್ದಾರೆ, ದೇಹ ಅಥವಾ ಮನಸ್ಸಿನ ಅಸ್ವಸ್ಥತೆ, ದೇಶದ ಹೊರಗಿದ್ದು ಕರೆಸುವುದು ಕಾರ್ಯಸಾಧ್ಯವಲ್ಲ, ಹುಡುಕಿದರೂ ಸಿಗುತ್ತಿಲ್ಲ, ಹೆದರಿದ್ದಾರೆ. ಹೆದರಿಕೆಯ ಕಾರಣಕ್ಕೆ ಮಾತ್ರ ಕೋರ್ಟಿನ ಅನುಮತಿ ಬೇಕು. ಹೇಳಿದವರು ಯಾರೆಂದು ಗುರುತು ಸಿಗದಿದ್ದರೆ 116 ಮುಚ್ಚಿದ ಬಾಗಿಲು. ದಾರಿಹೋಕರೊಬ್ಬರು ಕಾರಿನ ನಂಬರ್ ಹೇಳಿ ಹೊರಟುಹೋದ ಕೇಸಿನಲ್ಲಿ 114(1)(ಡಿ), ಅಂದರೆ ನ್ಯಾಯದ ಹಿತ ಎಂಬ ಬಾಗಿಲಿಗೇ ಹೋಗಬೇಕು. ವ್ಯಾಪಾರದ ದಾಖಲೆಗೆ 117. ಆದರೆ ಅದನ್ನು ಕ್ರಿಮಿನಲ್ ಕೇಸಿಗೆಂದೇ ತಯಾರಿಸಿದ್ದರೆ ಹೆಚ್ಚುವರಿ ಷರತ್ತು: 116ರ ಐದರಲ್ಲೊಂದು ಕಾರಣ, ಅಥವಾ ಇಷ್ಟು ಸಮಯದ ಮೇಲೆ ಮಾಹಿತಿ ಕೊಟ್ಟವರಿಗೆ ನೆನಪಿರುವುದು ನಿರೀಕ್ಷಿಸಲಾಗದು ಎನ್ನುವುದು.

ಹೇಮಾವತಿ

ಯಾವ ಕೋರ್ಟು ಅನ್ನುವ ತೀರ್ಮಾನದ ಬಗ್ಗೆ ಯಾರೂ ಬರೆಯಲಿಲ್ಲ. ಮ್ಯಾಜಿಸ್ಟ್ರೇಟರ ಅಧಿಕಾರ 6 ತಿಂಗಳೋ 12 ತಿಂಗಳೋ? ಹಳೆಯ ನೋಟ್ಸುಗಳಲ್ಲಿ ಒಂದೊಂದರಲ್ಲಿ ಒಂದೊಂದು ಇದೆ.

ಕರಿಕೋಟು

ಎಲ್ಲ ನೋಟ್ಸೂ ತಮ್ಮ ಕಾಲಕ್ಕೆ ಸರಿ. ಒಂದು ಈದರ್‌ವೇ ಅಪರಾಧಕ್ಕೆ 6 ತಿಂಗಳಿತ್ತು, 2022ರ ಮೇ 2ರಂದು 12 ಆಯಿತು, 2023ರ ಮಾರ್ಚ್ 30ರಂದು ಮತ್ತೆ 6ಕ್ಕೆ ಇಳಿಯಿತು, 2024ರ ನವೆಂಬರ್ 18ರಂದು ಪುನಃ 12 ಆಯಿತು. ಸಮ್ಮರಿ ಅಪರಾಧಕ್ಕೆ ಈ ಏರಿಕೆ ತಾಗಿಲ್ಲ.

ಕ್ರಮ ಹೀಗೆ: ಮೊದಲು ಆರೋಪಿ ತಪ್ಪೊಪ್ಪುತ್ತಾನೋ ಇಲ್ಲವೋ ಎಂದು ಕೇಳುತ್ತಾರೆ. ಒಪ್ಪಿದರೆ ಅಲ್ಲೇ ಶಿಕ್ಷೆ, ಅಥವಾ ಅಧಿಕಾರ ಸಾಲದಿದ್ದರೆ ಶಿಕ್ಷೆಗಾಗಿ ಕ್ರೌನ್ ಕೋರ್ಟಿಗೆ. ಒಪ್ಪದಿದ್ದರೆ ಅಥವಾ ಏನೂ ಹೇಳದಿದ್ದರೆ ಅಲೋಕೇಷನ್, ಅಂದರೆ ಯಾವ ಕೋರ್ಟು ಎಂಬ ತೀರ್ಮಾನ. ಮ್ಯಾಜಿಸ್ಟ್ರೇಟರು ಇಟ್ಟುಕೊಳ್ಳಲು ಒಪ್ಪಿದರೆ, ಈಗ ತಪ್ಪೊಪ್ಪಿದರೆ ಜೈಲೋ ಅಲ್ಲವೋ ಎಂಬ ಸುಳಿವನ್ನು ಆರೋಪಿ ಕೇಳಬಹುದು; ಕೊಡಲೇಬೇಕೆಂದಿಲ್ಲ. ಸುಳಿವು ಬೇಡದಿದ್ದರೆ ಎಲ್ಲಿ ವಿಚಾರಣೆ ಎಂದು ಅವನೇ ಆರಿಸುತ್ತಾನೆ. ಮ್ಯಾಜಿಸ್ಟ್ರೇಟರು ಒಪ್ಪದಿದ್ದರೆ ಆಯ್ಕೆ ಇಲ್ಲ, ನೇರ ಕ್ರೌನ್ ಕೋರ್ಟು.

ಆಯ್ಕೆಯ ಸಲಹೆ ಕೇಳುವ ಪ್ರಶ್ನೆಗಳಲ್ಲಿ ಸಾಕ್ಷ್ಯ ಇಲ್ಲಿಗೆ ಬಂದು ಸೇರುತ್ತದೆ. ತಪ್ಪೊಪ್ಪಿಗೆ ಹೊರಹಾಕಿಸಬೇಕಾದ ಕೇಸು ಕ್ರೌನ್ ಕೋರ್ಟಿಗೆ ಹೋದರೆ ಜ್ಯೂರಿಯನ್ನು ಹೊರಗೆ ಕಳಿಸಿ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಹೊರಹಾಕಿದ್ದು ಜ್ಯೂರಿಯ ಕಿವಿಗೆ ಬೀಳುವುದೇ ಇಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಹೊರಹಾಕುವವರೂ ತೀರ್ಪು ಕೊಡುವವರೂ ಸಾಮಾನ್ಯವಾಗಿ ಒಬ್ಬರೇ. ಮೂರೂ ವಿಷಯ ಒಟ್ಟಿಗೆ ಓದಬೇಕು ಅನ್ನುವುದು ಇದಕ್ಕೇ.

ಲೆಕ್ಕದಮೇಷ್ಟ್ರು

ಮೂರನೆಯ ಪ್ರಶ್ನೆ, ಶಿಕ್ಷೆ. ಆಧಾರ 2020ರ ಶಿಕ್ಷಾ ಸಂಹಿತೆ, ಆ ವರ್ಷ ಡಿಸೆಂಬರ್ 1ರಂದು ಜಾರಿಗೆ ಬಂತು. ನಮ್ಮಲ್ಲಿ ಇಲ್ಲದ ವಸ್ತು ಸೆಂಟೆನ್ಸಿಂಗ್ ಕೌನ್ಸಿಲ್ಲಿನ ಮಾರ್ಗಸೂಚಿ; ಕೋರ್ಟು ಅದನ್ನು ಅನುಸರಿಸಲೇಬೇಕು, ನ್ಯಾಯಕ್ಕೆ ವಿರುದ್ಧವಾದರೆ ಮಾತ್ರ ಬಿಡಬಹುದು. ತಪ್ಪಿತಸ್ಥನ ಹೊಣೆ ಎಷ್ಟು, ಹಾನಿ ಎಷ್ಟು, ಎರಡನ್ನೂ ಕೂಡಿಸಿ ವರ್ಗ. ವರ್ಗಕ್ಕೊಂದು ಆರಂಭದ ಅಂಕಿ. ಅಲ್ಲಿಂದ ತೀವ್ರಗೊಳಿಸುವ, ಸೌಮ್ಯಗೊಳಿಸುವ ಅಂಶಗಳಿಗೆ ತಕ್ಕಂತೆ ಮೇಲೆ ಕೆಳಗೆ. ತಪ್ಪೊಪ್ಪಿದ ರಿಯಾಯಿತಿ ಅದಾದ ಮೇಲೆ. ತಪ್ಪೊಪ್ಪಿದ್ದನ್ನು ಸೌಮ್ಯಗೊಳಿಸುವ ಅಂಶ ಎಂದು ಮೊದಲೊಮ್ಮೆ ಕಳೆದು ಕೊನೆಗೆ ಮತ್ತೆ ಕಳೆಯುವುದು ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪು.

ರಿಯಾಯಿತಿ: ಮೊದಲ ಹಾಜರಿಯಲ್ಲಿ ಒಪ್ಪಿದರೆ ಮೂರನೇ ಒಂದು, ಆಮೇಲೆ ಗರಿಷ್ಠ ನಾಲ್ಕನೇ ಒಂದು, ವಿಚಾರಣೆಯ ಮೊದಲ ದಿನಕ್ಕೆ ಹತ್ತನೇ ಒಂದು, ನಂತರ ಇನ್ನೂ ಕೆಳಗೆ. ಈದರ್‌ವೇ ಕೇಸಿನಲ್ಲಿ ಮೊದಲ ಹಾಜರಿ ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಕ್ರೌನ್ ಕೋರ್ಟಿನ ಮೊದಲ ದಿನ ಒಪ್ಪಿದರೆ ಮೂರನೇ ಒಂದು ಸಿಗುವುದಿಲ್ಲ.

ಈಗ ಅಂಕಿ ಹಾಕಿ. ಎಲ್ಲ ಅಂಶ ತೂಗಿದ ಮೇಲೆ 30 ತಿಂಗಳು ಬಂತೆನ್ನಿ. ಮೂರನೇ ಒಂದು ಕಳೆದರೆ 20, ನಾಲ್ಕನೇ ಒಂದು ಕಳೆದರೆ 22 ತಿಂಗಳೂವರೆ, ಹತ್ತನೇ ಒಂದು ಕಳೆದರೆ 27. ಸಂಹಿತೆ ಜಾರಿಗೆ ಬಂದಾಗ ಶಿಕ್ಷೆಯನ್ನು ಅಮಾನತಿನಲ್ಲಿಡುವ (ಷರತ್ತಿನ ಮೇಲೆ ಜೈಲಿಗೆ ಕಳಿಸದೆ ಬಿಡುವ) ಮಿತಿ 2 ವರ್ಷ ಇತ್ತು. ಆ ಮಿತಿಯಲ್ಲಿ ಮೊದಲ ಇಬ್ಬರಿಗೆ ಅಮಾನತಿನ ಬಾಗಿಲು ತೆರೆದಿರುತ್ತದೆ, ಮೂರನೆಯವನಿಗೆ ಮುಚ್ಚಿರುತ್ತದೆ. ಯಾವ ದಿನ ಬಾಯಿಬಿಟ್ಟ ಅನ್ನುವುದರ ಮೇಲೆ ಮನೆಗೋ ಜೈಲಿಗೋ ನಿಂತಿದೆ. ತೆರೆದಿದೆ ಅಂದ ಮಾತ್ರಕ್ಕೆ ಅಮಾನತು ಸಿಕ್ಕೇಬಿಡುವುದಿಲ್ಲ. ಸುಧಾರಣೆಯ ಸಾಧ್ಯತೆ, ಸಾರ್ವಜನಿಕರಿಗೆ ಅಪಾಯ, ಹಿಂದೆ ಕೋರ್ಟಿನ ಆದೇಶ ಪಾಲಿಸಿದ ಚರಿತ್ರೆ ತೂಗಬೇಕು.

ರಿಮ್ಯಾಂಡಿನಲ್ಲಿ ಕಳೆದ ದಿನ ತಾನಾಗಿಯೇ ವಜಾ ಆಗುತ್ತದೆ, ನ್ಯಾಯಾಧೀಶರು ಮತ್ತೆ ಕಳೆಯಬಾರದು. ಎಲೆಕ್ಟ್ರಾನಿಕ್ ಟ್ಯಾಗ್ ಹಾಕಿ ದಿನಕ್ಕೆ 9 ಗಂಟೆ ಅಥವಾ ಹೆಚ್ಚು ಕರ್ಫ್ಯೂ ಇದ್ದ ಜಾಮೀನಾದರೆ ಅರ್ಧ ದಿನ ಲೆಕ್ಕ, ಅದನ್ನು ನ್ಯಾಯಾಧೀಶರು ಹೇಳಬೇಕು. 45 ದಿನ ಲೆಕ್ಕಕ್ಕೆ ಬಂದರೆ 22.5, ಅದು 23 ಆಗುತ್ತದೆ.

ಸಾಕ್ಷಿಕಟ್ಟೆ

ಕನಿಷ್ಠ ಶಿಕ್ಷೆ ಬಿಟ್ಟಿರಿ ಮೇಷ್ಟ್ರೇ. ಮೂರನೆಯ ಮನೆಗಳ್ಳತನಕ್ಕೆ ಕನಿಷ್ಠ 3 ವರ್ಷ. ತಪ್ಪೊಪ್ಪಿದರೂ 80 ಶೇಕಡಾಕ್ಕಿಂತ ಕೆಳಗೆ ಇಳಿಸುವಂತಿಲ್ಲ, ಅಂದರೆ 876 ದಿನ. ಮೂರು ಕಳ್ಳತನ ಒಂದೇ ದಿನ ಒಪ್ಪಿಕೊಂಡರೆ ಇದು ತಾಗದು: ಒಂದಕ್ಕೆ ತೀರ್ಪಾದ ಮೇಲೆ ಎರಡನೆಯದು, ಅದಕ್ಕೂ ತೀರ್ಪಾದ ಮೇಲೆ ಮೂರನೆಯದು ನಡೆದಿರಬೇಕು. ವಿನಾಯಿತಿಗೆ ಹಳೆಯ ನೋಟ್ಸು "ಅನ್ಯಾಯವಾಗುವಂತಿದ್ದರೆ" ಎನ್ನುತ್ತದೆ. 2022ರ ಜೂನ್ 28ರಿಂದ ಈಚೆಗಿನ ಅಪರಾಧಕ್ಕೆ "ಅಸಾಧಾರಣ ಸಂದರ್ಭ" ಬೇಕು, ಅದು ಬಹಳ ಇಕ್ಕಟ್ಟಿನ ಬಾಗಿಲು.

ತುಂಗಾತೀರ

ಇಷ್ಟು ಬದಲಾಗುವ ಕಾನೂನಿನಲ್ಲಿ ಯಾವ ದಿನದ ಕಾನೂನು ಓದಬೇಕು?

ಕರಿಕೋಟು

ಎಸ್‌ಕ್ಯುಇಗೆ, ಆ ಸುತ್ತಿನ ಮೊದಲ ಪರೀಕ್ಷೆಯ ದಿನಕ್ಕೆ ನಾಲ್ಕು ತಿಂಗಳು ಹಿಂದೆ ಇದ್ದ ಕಾನೂನು. ಆ ದಿನಾಂಕವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಬಾರ್ ಕೋರ್ಸಿನವರು ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡು ಪ್ರಕಟಿಸುವ ಪಠ್ಯಕ್ರಮಕ್ಕೇ ಅಂಟಿಕೊಳ್ಳಬೇಕು. 2025ರಲ್ಲಿ ಸಂಸತ್ತಿಗೆ ಬಂದ ಶಿಕ್ಷಾ ಮಸೂದೆ ಅಮಾನತಿನ ಮಿತಿಯನ್ನು 3 ವರ್ಷಕ್ಕೆ ಏರಿಸುವುದನ್ನೂ 12 ತಿಂಗಳವರೆಗಿನ ಶಿಕ್ಷೆಯನ್ನು ಸಾಮಾನ್ಯವಾಗಿ ಅಮಾನತಿನಲ್ಲಿಡುವುದನ್ನೂ ಒಳಗೊಂಡಿತ್ತು. ಮೇಷ್ಟ್ರ ಮೇಲಿನ ಲೆಕ್ಕದ ಕೊನೆಯ ಸಾಲು ಯಾವ ಮಿತಿಯ ಮೇಲೆ ನಿಲ್ಲುತ್ತದೆ ಎಂದು ನಿಮ್ಮ ದಿನಾಂಕ ಹಿಡಿದು ನೋಡಿ.

ದುಡ್ಡು ಕೊಡದೆ ಸಿಗುವ ಸಾಮಗ್ರಿಯೇ ಸಾಕಷ್ಟಿದೆ. ಸರ್ಕಾರದ ಲೆಜಿಸ್ಲೇಷನ್ ತಾಣದಲ್ಲಿ ಕಾಯ್ದೆ ತೆರೆದಾಗ ಮೇಲ್ಗಡೆ "ಇನ್ನೂ ಸೇರಿಸದ ಬದಲಾವಣೆ" ಎಂಬ ಸೂಚನೆ ಇದ್ದರೆ ಅದನ್ನು ಓದದೆ ಮುಂದೆ ಹೋಗಬೇಡಿ. ಪೇಸ್ ಕೋಡುಗಳಲ್ಲಿ ಸಿ (ಠಾಣೆಯಲ್ಲಿ ಇರಿಸಿಕೊಂಡು ವಿಚಾರಿಸುವುದು) ಮತ್ತು ಡಿಯನ್ನು (ಗುರುತು ಹಿಡಿಸುವುದು) ಪೂರ್ತಿ ಓದಿ. ನ್ಯಾಯಾಧೀಶರು ಜ್ಯೂರಿಗೆ ಏನು ಹೇಳಬೇಕು ಎಂದು ಜುಡಿಷಿಯಲ್ ಕಾಲೇಜು ಹೊರತಂದಿರುವ ಕ್ರೌನ್ ಕೋರ್ಟ್ ಕಂಪೆಂಡಿಯಂ ಸಾಕ್ಷ್ಯಕ್ಕೆ ಬಹಳ ಒಳ್ಳೆಯದು. ಗುರುತು ಹಿಡಿದ ಸಾಕ್ಷಿಯ ಬಗ್ಗೆ 1977ರ ಟರ್ನ್‌ಬುಲ್ ಎಚ್ಚರಿಕೆಯನ್ನು ಜ್ಯೂರಿಗೆ ಹೇಳುವ ಮಾತಿನಲ್ಲೇ ಓದಿದರೆ ಮರೆಯುವುದಿಲ್ಲ.

ಹೇಮಾವತಿ

ಕೊನೆಯದೊಂದು. ತಪ್ಪೊಪ್ಪಿದ, ಆದರೆ "ಗುದ್ದಿದ್ದು ನಿಜ, ಬಾಟಲಿ ನನ್ನ ಕೈಯಲ್ಲಿರಲಿಲ್ಲ" ಅನ್ನುತ್ತಾನೆ. ಪ್ರಾಸಿಕ್ಯೂಷನ್ ಬಾಟಲಿ ಇತ್ತು ಅನ್ನುತ್ತದೆ. ಆಗ ಜ್ಯೂರಿಯಾ?

ಲೆಕ್ಕದಮೇಷ್ಟ್ರು

ಜ್ಯೂರಿ ಇಲ್ಲ. ಬಾಟಲಿಯಿಂದ ಶಿಕ್ಷೆ ನಿಜವಾಗಿಯೂ ಬದಲಾಗುವಂತಿದ್ದರೆ ನ್ಯೂಟನ್ ಹಿಯರಿಂಗ್: ನ್ಯಾಯಾಧೀಶರೊಬ್ಬರೇ ಸಾಕ್ಷಿ ಕೇಳುತ್ತಾರೆ, ಪ್ರಾಸಿಕ್ಯೂಷನ್ ಸಂಶಯಾತೀತವಾಗಿ ರುಜುವಾತು ಮಾಡಬೇಕು. ಬದಲಾಗದಂತಿದ್ದರೆ ಹಿಯರಿಂಗ್ ಬೇಕಿಲ್ಲ. ನಡೆದು ಅವನ ಮಾತು ಬಿದ್ದುಹೋದರೆ ರಿಯಾಯಿತಿ ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತದೆ. ಮೇಲಿನ 30 ತಿಂಗಳನ್ನೇ ಹಿಡಿಯಿರಿ: ಮೂರನೇ ಒಂದು ಸಿಗಬೇಕಾದವನಿಗೆ ಆರನೇ ಒಂದು ಸಿಕ್ಕಿ 25 ತಿಂಗಳು. 2 ವರ್ಷದ ಮಿತಿಗೆ ಒಂದು ತಿಂಗಳು ಹೆಚ್ಚು. ಅದಕ್ಕೇ ಹಿಯರಿಂಗ್ ಕೇಳುವ ಮೊದಲು ಕಕ್ಷಿದಾರನನ್ನು ಕೂರಿಸಿ ಈ ಲೆಕ್ಕವನ್ನು ಕಾಗದದ ಮೇಲೆ ತೋರಿಸಬೇಕು.